ನಾಟಿ ಕಾಲಕ್ಕೆ ಕಿವುಡಾಗುತ್ತಿದ್ದ ರೇಡಿಯೊ

ನನ್ನ ಹಸಿರು ದೀಪ ಸುಳ್ಳು ಹೇಳುತ್ತಿದೆ ಎಂದು ಒಪ್ಪಿಕೊಳ್ಳಲು ನನಗೆ ಆರು ತಿಂಗಳು ಹಿಡಿಯಿತು. ಅಷ್ಟರೊಳಗೆ ಅದರ ಸಾಕ್ಷಿಯ ಮೇಲೆ ಒಬ್ಬ ಮನುಷ್ಯನ ಕೆಲಸ ಹೋಗುವುದರಲ್ಲಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದೆ. ಆವರಗೆರೆಯ ಕಡೆ ಬಟ್ಟೆಗೆ ಬಣ್ಣ ಹಾಕುವ ಒಂದು ಮಿಲ್ಲಿತ್ತು. ಬಣ್ಣಕ್ಕೆ ಬೋರಿನ ಗಡಸು ನೀರು ಒಗ್ಗುವುದಿಲ್ಲ, ಹೊಳೆ ನೀರೇ ಆಗಬೇಕು. ಅದಕ್ಕಾಗಿ ಮಿಲ್ಲಿನವರು ಗುತ್ತೂರಿನ ಹತ್ತಿರ ತುಂಗಭದ್ರೆಯ ದಡದಲ್ಲಿ ಜಾಕ್‌ವೆಲ್ ಕಟ್ಟಿಸಿದ್ದರು. ಜಾಕ್‌ವೆಲ್ ಎಂದರೆ ಕಾಂಕ್ರೀಟಿನ ದುಂಡನೆಯ ಎತ್ತರದ ಬಾವಿ, ತಲೆಯ ಮೇಲೆ ಮೋಟರ್ ಮನೆ, ಹೊರಗೆ ಸುತ್ತಿಕೊಂಡು ಏರುವ ಕಬ್ಬಿಣದ ಮೆಟ್ಟಿಲು. ಅಲ್ಲಿಂದ ಎತ್ತಿದ ನೀರು ಬಾತಿ ಗುಡ್ಡದ ಹತ್ತಿರದ ಎರಡನೇ ಪಂಪಿಗೆ ಬಂದು, ಅಲ್ಲಿಂದ ಮಿಲ್ಲಿನ ಟ್ಯಾಂಕಿಗೆ ಬೀಳುತ್ತಿತ್ತು. ಟ್ಯಾಂಕು ಖಾಲಿಯಾಗುತ್ತಿದೆ, ಮೋಟರ್ ಹಾಕು ಎಂದು ಹೇಳಲು ಪೈಪಿನ ಜೊತೆಗೇ ಒಂದು ತಂತಿ ಎಳೆದಿದ್ದರು. ರಸ್ತೆ ಅಗಲ ಮಾಡುವಾಗ ಅದು ಹತ್ತು ಕಡೆ ತುಂಡಾಯಿತು. ತಂತಿಯಿಲ್ಲದೆ ಏನಾದರೂ ಮಾಡಲು ಆಗುತ್ತದೆಯೇ ಎಂದು ಮಿಲ್ಲಿನ ಮ್ಯಾನೇಜರು ನಮ್ಮ ವಿಭಾಗಕ್ಕೆ ಬಂದು ಕೇಳಿದರು. ನಾನು ಆಗ ಇದೇ ವಿಷಯದ ಪ್ರಬಂಧಗಳನ್ನು ಓದಿ ತಲೆ ಕೆಡಿಸಿಕೊಂಡಿದ್ದೆ. ಆಗುತ್ತದೆ ಎಂದು ಅವರು ಮಾತು ಮುಗಿಸುವ ಮೊದಲೇ ಹೇಳಿಬಿಟ್ಟೆ.

ನಾನು ಕಟ್ಟಿದ್ದು ಆರು ರೇಡಿಯೊಗಳ ಒಂದು ಬಳಗ. ಅದಕ್ಕೆ ದೊಡ್ಡ ಟವರ್ ಇಲ್ಲ, ಯಜಮಾನ ಎನ್ನುವ ಸ್ಟೇಷನ್ ಇಲ್ಲ. ಮನೆ ಕಟ್ಟುವಾಗ ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ ಪ್ರತಿ ರೇಡಿಯೊ ತನಗೆ ಕೇಳಿಸಿದ್ದನ್ನು ಪಕ್ಕದ ರೇಡಿಯೊಗೆ ದಾಟಿಸುತ್ತದೆ. ಮಿಲ್ಲಿನ ಟ್ಯಾಂಕಿನ ಮೇಲೊಂದು, ಬಾಯ್ಲರ್ ಮನೆಯಲ್ಲೊಂದು, ಮಿಲ್ಲಿನ ನೌಕರರ ಕಾಲೊನಿ ಟ್ಯಾಂಕಿನಲ್ಲೊಂದು, ನೀರು ತಿಳಿಯಾಗಿಸುವ ತೊಟ್ಟಿಯಲ್ಲೊಂದು, ಬಾತಿ ಗುಡ್ಡದ ಮೇಲೊಂದು, ಜಾಕ್‌ವೆಲ್ಲಿನಲ್ಲೊಂದು. ಪರವಾನಗಿ ಸಿಕ್ಕಿದ್ದು ಒಂದೇ ಚಾನೆಲ್ಲಿಗೆ. ಹೀಗಾಗಿ ಒಬ್ಬ ಮಾತಾಡುವಾಗ ಅವನನ್ನು ಕೇಳಿಸಿಕೊಳ್ಳುವವರೆಲ್ಲ ಬಾಯಿ ಮುಚ್ಚಿಕೊಂಡಿರಬೇಕು. ಬಳಗ ದೊಡ್ಡದಾದಷ್ಟೂ ಒಬ್ಬೊಬ್ಬರ ಪಾಲಿನ ಸಮಯ ಕಡಿಮೆಯಾಗುತ್ತದೆ. ಈ ವಿದ್ಯೆಯ ದೊಡ್ಡ ತಲೆನೋವೇ ಅದು, ನನಗೆ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದೇ ಮುಂದೆ ನನ್ನನ್ನು ದಾರಿ ತಪ್ಪಿಸಿತು.

ಮಿಲ್ಲಿನ ಕಂಟ್ರೋಲ್ ಕೋಣೆಯಲ್ಲಿ ಒಂದು ಹಸಿರು ದೀಪ ಕೂರಿಸಿದೆ. 'ಮೋಟರ್ ಹಾಕು' ಎಂಬ ಸಂದೇಶ ಹೊರಟು, ಬಾತಿಯ ರೇಡಿಯೊ 'ನನಗೆ ಬಂತು' ಎಂದ ಕೂಡಲೇ ಅದು ಹತ್ತಿಕೊಳ್ಳುತ್ತಿತ್ತು. ಬಾತಿಗೆ ಮುಟ್ಟಿದ್ದು ಜಾಕ್‌ವೆಲ್ಲಿಗೆ ಮುಟ್ಟದೆ ಎಲ್ಲಿಗೆ ಹೋದೀತು ಎಂಬ ಧೈರ್ಯ ನನ್ನದು. ಮ್ಯಾನೇಜರಿಗೆ ದೀಪ ಬಹಳ ಹಿಡಿಸಿತು. ಬಂದವರಿಗೆಲ್ಲ ಅದನ್ನೇ ತೋರಿಸುತ್ತಿದ್ದರು.

ಮೇ ತಿಂಗಳಲ್ಲಿ ಪರೀಕ್ಷೆ ಮಾಡಿದೆವು. ಗುತ್ತೂರಿನ ಗದ್ದೆಗಳು ಬೇಸಿಗೆ ಭತ್ತ ಕೊಯ್ದು, ಉತ್ತು, ಹೆಂಟೆ ಎದ್ದು ಒಣಗಿದ್ದವು. ಮೂರು ವಾರ ಒಂದು ಸಂದೇಶವೂ ತಪ್ಪಲಿಲ್ಲ. ಜಾಕ್‌ವೆಲ್ಲಿನ ಆಪರೇಟರು ಐವತ್ತಾರು ದಾಟಿದ ಮನುಷ್ಯ, ಗುತ್ತೂರಿನವರೇ. ಸಂದೇಶ ಮುಟ್ಟಿದಾಗ ಅಲ್ಲಿನ ರೇಡಿಯೊ ಬೆಲ್ ಹೊಡೆಯುತ್ತಿತ್ತು, ಅದನ್ನು ಕೇಳಿ ಅವರು ಮೋಟರ್ ಹಾಕುತ್ತಿದ್ದರು. ಹೆಗಲ ಮೇಲೆ ಟವೆಲ್, ಕಿಸೆಯಲ್ಲಿ ಎರಡು ಪೆನ್ನು. ನಾನು ಅವರನ್ನು ಯಜಮಾನ್ರೆ ಎನ್ನುತ್ತಿದ್ದೆ. ಅವರು ನನ್ನನ್ನು ಮೇಡಂ ಎಂದೂ, ನನ್ನ ರೇಡಿಯೊವನ್ನು 'ನಿಮ್ಮ ಮಗ' ಎಂದೂ ಕರೆಯುತ್ತಿದ್ದರು. ನಿಮ್ಮ ಮಗ ಇವತ್ತು ನಾಕು ಸಲ ಕೂಗಿದ, ಗಂಟಲು ಚಲೋ ಐತೆ ಎಂದು ವರದಿ ಕೊಡುತ್ತಿದ್ದರು. ಅವರ ಮನೆಯಿಂದ ಬರುತ್ತಿದ್ದ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ನನಗೂ ಒಂದು ಪಾಲು ಇರತೊಡಗಿತು. ಕೆಲಸವಿಲ್ಲದ ದಿನವೂ ನೆಪ ಮಾಡಿಕೊಂಡು ಹರಿಹರದ ಬಸ್ಸು ಹತ್ತುತ್ತಿದ್ದೆ ಎಂದರೆ ಸುಳ್ಳಲ್ಲ.

ಆಗಸ್ಟಿನಲ್ಲಿ ಮೊದಲ ಪೆಟ್ಟು ಬಿತ್ತು. ಮಿಲ್ಲಿನ ಟ್ಯಾಂಕು ತಳ ಕಂಡಿತು, ಸಂದೇಶ ಹೋಯಿತು, ಹಸಿರು ದೀಪ ಹತ್ತಿತು, ನೀರು ಮಾತ್ರ ಬರಲಿಲ್ಲ. ಸ್ಕೂಟರಿನಲ್ಲಿ ಒಬ್ಬರು ಗುತ್ತೂರಿಗೆ ಓಡಿ ಮೋಟರ್ ಹಾಕಿಸುವಷ್ಟರಲ್ಲಿ ಬಣ್ಣದ ತೊಟ್ಟಿಯೊಳಗಿನ ಬಟ್ಟೆಯೆಲ್ಲ ಕಲೆ ಕಲೆಯಾಗಿತ್ತು. ಬೆಲ್ ಬರಲಿಲ್ಲ ಎಂದು ಆಪರೇಟರು ಹೇಳಿದರು. ಅದೇ ವಾರ ಇನ್ನೂ ಎರಡು ಸಲ ಹಾಗೇ ಆಯಿತು.

ಬಾತಿಯ ರೇಡಿಯೊದೊಳಗಿನ ದಾಖಲೆ ತೆಗೆದು ನೋಡಿದೆ. ಜಾಕ್‌ವೆಲ್ಲಿನಿಂದ ಉತ್ತರ ಬಾರದೆ ಅದು ಒಂದೊಂದು ಸಂದೇಶವನ್ನೂ ಏಳೆಂಟು ಸಲ ಕೂಗಿತ್ತು. ನನ್ನ ಓದು ಕೂಡಲೇ ಕಾರಣ ಹೇಳಿಕೊಟ್ಟಿತು. ಜಾಕ್‌ವೆಲ್ಲಿಗೆ ಬಾತಿ ಮಾತ್ರ ಕೇಳಿಸುತ್ತದೆ, ಮಿಲ್ಲಿನ ಕಡೆಯ ರೇಡಿಯೊಗಳು ಕೇಳಿಸುವುದಿಲ್ಲ. ಹಾಗಾಗಿ ಅವು ಮಾತಾಡುತ್ತಿರುವಾಗಲೇ ಇದೂ ಬಾಯಿ ಹಾಕುತ್ತದೆ. ಎರಡೂ ಮಾತು ಬಾತಿಯಲ್ಲಿ ಡಿಕ್ಕಿ ಹೊಡೆದು ಯಾವುದೂ ತಿಳಿಯುವುದಿಲ್ಲ. ಅಂದರೆ ಸಂದೇಶ ಜಾಕ್‌ವೆಲ್ಲಿಗೆ ಮುಟ್ಟಿದೆ, 'ಬಂತು' ಎಂಬ ಉತ್ತರ ಮಾತ್ರ ವಾಪಸು ಬರುವಾಗ ನಜ್ಜುಗುಜ್ಜಾಗಿದೆ. ಲೆಕ್ಕಾಚಾರ ಚೊಕ್ಕವಾಗಿತ್ತು. ಅದರ ಇನ್ನೊಂದು ಅರ್ಥ ಏನೆಂದರೆ, ಜಾಕ್‌ವೆಲ್ಲಿನಲ್ಲಿ ಬೆಲ್ ಹೊಡೆದಿದೆ.

ಹೆತ್ತವರಿಗೆ ಹೆಗ್ಗಣ ಮುದ್ದು. ನಾನು ಜಾಕ್‌ವೆಲ್ಲಿಗೆ ಹೋಗಿ, ಯಜಮಾನ್ರೆ, ವಯಸ್ಸಾಯಿತು, ಊಟದ ಮೇಲೆ ಒಂದು ಗಳಿಗೆ ಕಣ್ಣು ಹತ್ತಿರಬಹುದು ಎಂದೆ. ನಗುತ್ತಲೇ ಹೇಳಿದ್ದೆ. ಅವರು ನಗಲಿಲ್ಲ.

"ನಾ ಮಲಗಿಲ್ರಿ ಮೇಡಂ," ಎಂದರು. ಆಮೇಲೆ ಫ್ಲಾಸ್ಕಿನಿಂದ ನನಗೆ ಚಹಾ ಬಗ್ಗಿಸಿ ಕೊಟ್ಟು ಮೋಟರಿಗೆ ಎಣ್ಣೆ ಬಿಡಲು ಹೋದರು.

ನಾನು ಚಾನೆಲ್ಲಿನ ದಟ್ಟಣೆ ಕಡಿಮೆ ಮಾಡಲು ಹೊರಟೆ. ಕಾಲೊನಿ ಟ್ಯಾಂಕಿನ ರೇಡಿಯೊ ಕಿತ್ತು ತಂದೆ. ಬಾಯ್ಲರ್ ಮನೆಯದು ಅರ್ಧ ಮಾತಾಡುವಂತೆ ಮಾಡಿದೆ. ಹೆಚ್ಚೇನೂ ಉಪಯೋಗವಾಗಲಿಲ್ಲ. ಇದ್ದರಿರಲಿ ಎಂದು ಜಾಕ್‌ವೆಲ್ಲಿನ ಆಂಟೆನಾ ಕಂಬಕ್ಕೆ ಇನ್ನೂ ಎಂಟಡಿ ಪೈಪು ಜೋಡಿಸಿ ಎತ್ತರಿಸಿದೆ. ಆಂಟೆನಾ ಎತ್ತರ ಇದ್ದಷ್ಟೂ ಒಳ್ಳೆಯದು ಎನ್ನುವುದು ಮನೆ ಮಾಳಿಗೆಯ ಮೇಲೆ ಟಿವಿ ಆಂಟೆನಾ ತಿರುಗಿಸಿದವರಿಗೆಲ್ಲ ಗೊತ್ತಿರುವ ವಿಷಯ. ಎತ್ತರಿಸಿದ ಮೇಲೆ ಸ್ಥಿತಿ ಇನ್ನೂ ಕೆಟ್ಟಿತು. ಸಾಲದ್ದಕ್ಕೆ ಮ್ಯಾನೇಜರು ಆಪರೇಟರನ್ನು ಕರೆಸಿ ಎಲ್ಲರೆದುರು ಬೈದರು.

ಸೆಪ್ಟೆಂಬರ್ ಮುಗಿಯುತ್ತ ಬಂದಂತೆ ಎಲ್ಲವೂ ತಾನಾಗಿಯೇ ಸರಿಹೋಯಿತು. ಬೈದ ಮೇಲೆ ಮುದುಕನಿಗೆ ಎಚ್ಚರ ಬಂತು ಎಂದು ಮ್ಯಾನೇಜರು ತೀರ್ಮಾನಿಸಿದರು. ದಟ್ಟಣೆ ಕಡಿಮೆ ಮಾಡಿದ್ದರಿಂದ ತೊಂದರೆ ನೀಗಿತು ಎಂದು ನಾನು ವರದಿ ಬರೆದು ನಮ್ಮ ವಿಭಾಗದ ಮುಖ್ಯಸ್ಥರಿಗೆ ಕೊಟ್ಟೆ. ಯಾವ ಬದಲಾವಣೆಯಿಂದ ಸರಿಹೋಯಿತು ಎಂದು ನನಗೇ ತಿಳಿದಿರಲಿಲ್ಲ. ಆದರೂ ಬರೆದೆ. ಆ ವರದಿ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಫೆಬ್ರವರಿಯಲ್ಲಿ ಮತ್ತೆ ಅದೇ ಪಾಡು. ಒಂದೇ ವಾರದಲ್ಲಿ ಎರಡು ತೊಟ್ಟಿ ಬಟ್ಟೆ ಹಾಳಾಯಿತು. ಈ ಸಲ ಮ್ಯಾನೇಜರು ಬೈಯಲಿಲ್ಲ, ಆಪರೇಟರಿಗೆ ನೋಟಿಸು ಕೊಟ್ಟರು. ಕರ್ತವ್ಯದ ವೇಳೆ ನಿದ್ರೆ, ವಿಚಾರಣೆ, ಉತ್ತರ ಸಮಾಧಾನಕರ ಎನಿಸದಿದ್ದರೆ ಕೆಲಸದಿಂದ ತೆಗೆಯುವುದು. ಅವರ ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ವಿಚಾರಣೆಗೆ ಬೇಕು, ಆ ದಿನಗಳಲ್ಲಿ ಸಂದೇಶ ಹೋಗಿತ್ತು ಎಂದು ಬರೆದು ಸಹಿ ಮಾಡಿ ಕೊಡಿ ಎಂದು ಮ್ಯಾನೇಜರು ನನ್ನನ್ನು ಕೇಳಿದರು. ನಾನು ಸ್ವಲ್ಪ ಹಿಂಜರಿದೆ.

"ನಿಮ್ಮ ದೀಪಾನೇ ಸಾಕ್ಷಿ ಐತಲ್ರಿ ಮೇಡಂ. ನಾವು ನಿಮ್ಮನ್ನೇನು ಸುಳ್ಳು ಬರೀರಿ ಅನ್ನಾಕ್ಹತ್ತಿಲ್ಲ," ಎಂದರು ಅವರು.

ಬರೆಯುವ ಮೊದಲು ಜಾಕ್‌ವೆಲ್ಲಿನ ರಿಜಿಸ್ಟರು ನೋಡಿ ಬರುತ್ತೇನೆ ಎಂದು ಹೇಳಿ ಎದ್ದೆ. ನಿಜ ಹೇಳಬೇಕೆಂದರೆ ಸಹಿಯನ್ನು ಒಂದು ದಿನ ಮುಂದೂಡಲು ಅದೊಂದು ನೆಪ.

ರಿಜಿಸ್ಟರಿನಲ್ಲಿ ಐದು ಕಾಲಂ. ವೇಳೆ, ಮೋಟರ್ ಹಾಕಿದ್ದು, ನಿಲ್ಲಿಸಿದ್ದು, ಹೊಳೆಯ ಮಟ್ಟ, ಕೊನೆಯದು ಷರಾ. ಮಿಲ್ಲಿನವರು ಮೊದಲ ನಾಲ್ಕನ್ನು ಮಾತ್ರ ನಕಲು ಮಾಡಿಕೊಂಡು ಹೋಗುತ್ತಿದ್ದರು. ಷರಾ ಕಾಲಮ್ಮಿನಲ್ಲಿ ನಮ್ಮ ಆಪರೇಟರು ಊರಿನ ಸಮಾಚಾರವನ್ನೆಲ್ಲ ಬರೆಯುತ್ತಾರೆ ಎಂಬುದು ಎಲ್ಲರೂ ನಗುವ ಸಂಗತಿಯಾಗಿತ್ತು. ನಾನೂ ನಕ್ಕಿದ್ದೆ, ಓದಿರಲಿಲ್ಲ. ಅವರು ರೊಟ್ಟಿ ಬಿಚ್ಚುತ್ತಿದ್ದಾಗ ನಾನು ಮೆಟ್ಟಿಲ ಮೇಲೆ ಕೂತು ಆಗಸ್ಟಿನ ಹಾಳೆ ತೆರೆದೆ.

'ನಾಲೆ ನೀರು ಬಂತು. ಮಡಿ ಕಟ್ಟುತ್ತಿದ್ದಾರೆ.' ಅದರ ಕೆಳಗೆ, 'ಗದ್ದೆ ತುಂಬ ನೀರು ನಿಂತಿದೆ. ಬೆಲ್ ಇಲ್ಲ.' ಮರುದಿನ, 'ನಾಟಿ ಶುರು. ಬೆಲ್ ಇಲ್ಲ. ಟ್ಯಾಂಕು ಇಷ್ಟೊತ್ತಿಗೆ ಖಾಲಿ ಆಗಿರಬೇಕೆಂದು ಅಂದಾಜಿನ ಮೇಲೆ ಮೋಟರ್ ಹಾಕಿದೆ.' ಹೀಗೆ ಹಾಳೆಗಟ್ಟಲೆ. ಸೆಪ್ಟೆಂಬರ್ ಕೊನೆಗೆ, 'ಪೈರು ಮೊಣಕಾಲೆತ್ತರ ಬಂತು, ನೀರು ಕಾಣುವುದಿಲ್ಲ. ಬೆಲ್ ಸರಿ.' ನಾಲ್ಕು ತಿಂಗಳು ಬೆಲ್ ಸರಿ. ಫೆಬ್ರವರಿಗೆ, 'ಬೇಸಿಗೆ ಬೆಳೆಗೆ ನೀರು ಬಿಟ್ಟರು. ಬೆಲ್ ಇಲ್ಲ.'

ಬೆಲ್ ಬಾರದ ದಿನಗಳಲ್ಲಿ ಈ ಮನುಷ್ಯ ನಿದ್ದೆ ಮಾಡುವುದಿರಲಿ, ಮಿಲ್ಲಿನ ಹೊಟ್ಟೆ ಯಾವಾಗ ಹಸಿಯುತ್ತದೆ ಎಂದು ಲೆಕ್ಕ ಹಾಕಿ ತಾವೇ ಮೋಟರ್ ಹಾಕಿದ್ದರು. ಅಂದಾಜು ತಪ್ಪಿದ ಐದು ಸಲ ಮಾತ್ರ ಬಟ್ಟೆ ಹಾಳಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಗಿತ್ತು, ಬರೆ ಕಾಯಿಸಿ ಕೊಟ್ಟವಳು ನಾನು. ಇದನ್ನೆಲ್ಲ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಬರ್ದೀನಲ್ರಿ. ರಿಜಿಸ್ಟರ್ ಇರೋದು ಓದಾಕ ಅಲ್ಲೇನು?" ಎಂದರು.

ಗದ್ದೆಯ ನೀರಿಗೂ ರೇಡಿಯೊಗೂ ಏನು ಸಂಬಂಧ ಎಂದು ನಾನು ಗಟ್ಟಿಯಾಗಿಯೇ ಯೋಚಿಸುತ್ತಿದ್ದೆ. ಅವರು ರೊಟ್ಟಿ ಹಿಡಿದ ಕೈಯಲ್ಲೇ ಬಾತಿಯ ಕಡೆ ತೋರಿಸಿದರು.

"ನೋಡ್ರಿ, ಈ ಟೈಮಿಗೆ ಗುಡ್ಡ ಎರಡು ಕಾಣ್ತಾವೆ. ಮ್ಯಾಲೆ ಒಂದು, ನೀರಾಗ ಒಂದು."

ಹೌದು, ಎರಡಿದ್ದವು. ನಾಟಿಗೆ ಹದ ಮಾಡಿದ್ದ ಗದ್ದೆಗಳು ಕನ್ನಡಿಯಾಗಿದ್ದವು. ಬದುಗಳ ನಡುವೆ ತುಂಡು ತುಂಡಾಗಿ ಬಾತಿ ಗುಡ್ಡ ತಲೆಕೆಳಗಾಗಿ ಕಾಣುತ್ತಿತ್ತು. ನನ್ನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ಕಣ್ಣಿಗೆ ಎರಡು ಗುಡ್ಡ ಕಂಡರೆ ಆಂಟೆನಾಗೂ ಎರಡು ಕಾಣುತ್ತವೆ. ಬಾತಿಯಿಂದ ನೇರವಾಗಿ ಒಂದು ಅಲೆ, ನೀರಿಗೆ ತಾಗಿ ಪುಟಿದು ಬರುವ ಇನ್ನೊಂದು ಅಲೆ. ಒಂದು ಏರುವಾಗ ಇನ್ನೊಂದು ಇಳಿದರೆ ಎರಡೂ ಸೇರಿ ಸೊನ್ನೆ. ಒಣ ಹೆಂಟೆಗೆ ತಾಗಿದ ಅಲೆ ಚದುರಿಹೋಗುತ್ತದೆ, ಬೆಳೆದ ಪೈರಿನಲ್ಲೂ ಹಾಗೆಯೇ. ನೀರು ನಿಂತ ಗದ್ದೆಯಿಂದ ಮಾತ್ರ ಹೆಚ್ಚುಕಡಿಮೆ ಪೂರ್ತಿಯಾಗಿ ಪುಟಿಯುತ್ತದೆ. ಎರಡು ಅಲೆ ಎಲ್ಲಿ ಹೊಡೆದಾಡುತ್ತವೆ, ಎಲ್ಲಿ ಕೈಜೋಡಿಸುತ್ತವೆ ಎನ್ನುವುದು ಆಂಟೆನಾದ ಎತ್ತರದ ಮೇಲಿರುತ್ತದೆ. ಇದನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಪಾಠ ಮಾಡುತ್ತಿದ್ದೆ. ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ ಅದು.

ಆವತ್ತೇ ಕಂಬದಿಂದ ಆಂಟೆನಾ ಬಿಚ್ಚಿದೆವು. ಬಾತಿಯ ರೇಡಿಯೊ ಬಿಡದೆ ಕೂಗುವಂತೆ ಮಾಡಿ, ಆಪರೇಟರು ಆಂಟೆನಾ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು. ನಾನು ಮೀಟರ್ ಹಿಡಿದು ಹಿಂದೆ ಇಳಿದೆ. ಮೇಲೆ ಮುಳ್ಳು ಸತ್ತುಬಿದ್ದಿತ್ತು. ಹತ್ತು ಮೆಟ್ಟಿಲು ಇಳಿದಾಗ ಅಲುಗಾಡಿತು. ಸುಮಾರು ಅರ್ಧ ಎತ್ತರದ ಕಟ್ಟೆಗೆ ಬಂದಾಗ ಪೂರ್ತಿ ಬಲಕ್ಕೆ ಹೊಡೆಯಿತು. ನಾನು ಎಂಟಡಿ ಏರಿಸಿ ಹಾಳು ಮಾಡಿದ್ದನ್ನು ಅವರು ಕೆಳಗಿಳಿಸಿ ಸರಿ ಮಾಡಿದ್ದರು.

ಸುಮ್ಮನೆ ಕೆಳಗೇ ಕಟ್ಟಿಬಿಟ್ಟರೆ ಆಗುತ್ತಿರಲಿಲ್ಲ. ಗದ್ದೆಯ ನೀರು ಬತ್ತಿದ ಮೇಲೆ ಪುಟಿದ ಅಲೆಯ ನೆರವು ಇರುವುದಿಲ್ಲ, ಕೆಳಗಿನ ಆಂಟೆನಾಗೆ ದಡದ ಜಾಲಿ ಮರಗಳು ಅಡ್ಡ ಬರುತ್ತವೆ, ಆಗ ಮೇಲಿನದೇ ಬೇಕು. ಹಾಗಾಗಿ ಎರಡೂ ಇರಲಿ, ಯಾವುದಕ್ಕೆ ಚೆನ್ನಾಗಿ ಕೇಳಿಸುತ್ತದೋ ಅದನ್ನು ರೇಡಿಯೊ ತಾನೇ ಆರಿಸಿಕೊಳ್ಳಲಿ ಎಂದು ನಿರ್ಧರಿಸಿದೆ.

ಮರುದಿನ ಬೆಳಿಗ್ಗೆ ಮ್ಯಾನೇಜರಿಗೆ ಪತ್ರ ಬರೆದೆ. ಹಸಿರು ದೀಪ ಬಾತಿಯವರೆಗಿನ ಸುದ್ದಿಯನ್ನಷ್ಟೇ ಹೇಳುತ್ತದೆ, ಜಾಕ್‌ವೆಲ್ಲಿನದನ್ನಲ್ಲ. ಅದನ್ನು ಹಾಗೆ ಕೂರಿಸಿದ ತಪ್ಪು ನನ್ನದು. ಸೆಪ್ಟೆಂಬರಿನ ನನ್ನ ವರದಿಯೂ ತಪ್ಪು. ಬೆಲ್ ಹೊಡೆದಿಲ್ಲ, ಆಪರೇಟರು ಮಲಗಿಲ್ಲ. ಪತ್ರದ ನಕಲು ನೋಡಿದ ನಮ್ಮ ಮುಖ್ಯಸ್ಥರು, ಮಿಲ್ಲಿನವರು ಇನ್ನು ನಮ್ಮ ಕಾಲೇಜಿನ ಬಾಗಿಲು ತುಳಿಯುವುದಿಲ್ಲ, ಕೊಡುವ ಮೊದಲು ಇನ್ನೊಮ್ಮೆ ಯೋಚಿಸಿ ಎಂದರು. ಅವರ ಮಾತು ನಿಜವಿರಬಹುದು ಎಂದು ನನಗೂ ಹೆದರಿಕೆಯಿತ್ತು. ಯೋಚಿಸಿದರೆ ಕೊಡುವುದಿಲ್ಲ ಎಂದು ಗೊತ್ತಿದ್ದರಿಂದ ಯೋಚಿಸದೆ ಕೊಟ್ಟೆ.

ಮ್ಯಾನೇಜರು ಎರಡು ಸಲ ಓದಿದರು. ಗದ್ದೆಯ ನೀರಿನ ಕಥೆ ಕೇಳಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಎಲ್ಲರಿಗೂ ಗೊತ್ತು, ನಿಜವಾಗಲೂ ನೆಲವೇ ಡೊಂಕು ಎಂದು ಕಾಗದದ ಮೇಲೆ ಬರೆದು ತಂದವರು ನೀವೇ ಮೊದಲು ಎಂದರು. ಆದರೂ ನೋಟಿಸನ್ನು ಹದಿನೈದು ದಿನ ತಡೆಹಿಡಿದರು. ಗದ್ದೆಯಲ್ಲಿ ನೀರಿರುವಾಗಲೇ ಸರಿ ಮಾಡಿ ತೋರಿಸಬೇಕು, ಆಗಲಿಲ್ಲ ಅಂದರೆ ವಿಚಾರಣೆ ನಡೆಯುತ್ತದೆ ಎಂದರು.

ಹರಿಹರದಲ್ಲಿ ಟಿವಿ ಆಂಟೆನಾ ಮಾಡುವ ಅಂಗಡಿಯಿಂದ ಅಲ್ಯುಮಿನಿಯಂ ಕೊಳವೆ ತಂದು ಇನ್ನೊಂದು ಆಂಟೆನಾ ಕಟ್ಟಿದೆ. ಎರಡರಲ್ಲಿ ಯಾವುದರ ಸಿಗ್ನಲ್ ಜೋರಾಗಿದೆಯೋ ಅದಕ್ಕೆ ತಿರುಗುವ ಒಂದು ಡಬ್ಬಿ ಮಾಡಿ ಕೂರಿಸಿದೆ. ಮೊದಲ ದಿನ ಮುಖಭಂಗವಾಯಿತು. ಮೋಟರ್ ಶುರುವಾಗುವಾಗಿನ ಕಿಡಿಯ ಗದ್ದಲವನ್ನೇ ಡಬ್ಬಿ ಜೋರಾದ ಸಿಗ್ನಲ್ ಎಂದು ತಿಳಿದು ತಪ್ಪು ಕಡೆ ತಿರುಗಿ ಕೂತಿತು. ಆಪರೇಟರಿಗೆ ಹೇಳಿದಾಗ ಅವರು, ನಮ್ಮ ಪಂಚಾಯ್ತಿಯಾಗೂ ಹಂಗೇ, ಜೋರಾಗಿ ಕೂಗಿದವರ ಕಡೀಗೇ ಎಲ್ಲರ ಮುಖ ಎಂದು ಸಮಾಧಾನ ಹೇಳಿದರು. ಜೋರನ್ನು ಬಿಟ್ಟು ಸ್ಪಷ್ಟತೆಯನ್ನು ನೋಡುವಂತೆ ಡಬ್ಬಿಯನ್ನು ಬದಲಿಸಿದೆ. ಎರಡೂ ಆಂಟೆನಾದಿಂದ ಕೇಳಿಸಿಕೊಂಡು, ಯಾವುದರಲ್ಲಿ ಸಂದೇಶ ತಪ್ಪಿಲ್ಲದೆ ಬಂತೋ ಅದನ್ನು ಇಟ್ಟುಕೊಂಡು, ಉತ್ತರವನ್ನೂ ಅದರಿಂದಲೇ ಕಳಿಸುವುದು. ಅದಕ್ಕೆ ಎಂಟು ದಿನ ಹಿಡಿಯಿತು.

ಇನ್ನೂ ಒಂದು ಕೆಲಸ ಮಾಡಿದೆ. ಜಾಕ್‌ವೆಲ್ಲಿನ ಗೋಡೆಗೆ ಒಂದು ಗುಂಡಿ ಹಾಕಿದೆ. ಬೆಲ್ ಕೇಳಿದ ಮೇಲೆ ಆಪರೇಟರು ಅದನ್ನು ಒತ್ತಬೇಕು, ಅದು ಬಾತಿ ದಾಟಿ ಮಿಲ್ಲಿಗೆ ಮುಟ್ಟಿದರೆ ಮಾತ್ರ ಹಸಿರು ದೀಪ ಹತ್ತಬೇಕು.

ಹದಿಮೂರನೇ ದಿನ ಮಧ್ಯಾಹ್ನ ನಾನು, ಮ್ಯಾನೇಜರು ಕಂಟ್ರೋಲ್ ಕೋಣೆಯಲ್ಲಿ ನಿಂತಿದ್ದೆವು. ಗುತ್ತೂರಿನ ಗದ್ದೆಗಳಲ್ಲಿ ಇನ್ನೂ ನೀರು ತುಂಬಿತ್ತು. ಟ್ಯಾಂಕು ಇಳಿಯಿತು, ಸಂದೇಶ ಹೋಯಿತು. ಮೊದಲಾಗಿದ್ದರೆ ದೀಪ ತಕ್ಷಣ ಹತ್ತುತ್ತಿತ್ತು. ಈಗ ಹತ್ತಲಿಲ್ಲ. ನಾನು ದೀಪವನ್ನೇ ನೋಡುತ್ತಿದ್ದೆ, ಮ್ಯಾನೇಜರು ನನ್ನನ್ನು ನೋಡುತ್ತಿದ್ದರು. ಅತ್ತ ಜಾಕ್‌ವೆಲ್ಲಿನಲ್ಲಿ ಕುರ್ಚಿಯಿಂದ ಎದ್ದು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಗೋಡೆಯ ಹತ್ತಿರ ಬರಲು ಆಪರೇಟರಿಗೆ ಎಷ್ಟು ಹೊತ್ತು ಬೇಕೆಂದು ನನಗೆ ಗೊತ್ತಿತ್ತು. ಮನಸ್ಸಿನಲ್ಲೇ ಅವರ ಜೊತೆ ಆ ನಾಲ್ಕು ಹೆಜ್ಜೆ ಹಾಕಿದೆ. ದೀಪ ಹತ್ತಿತು. ನನ್ನ ಕಣ್ಣಲ್ಲಿ ನೀರು ಬಂತು, ಬಣ್ಣದ ಹೊಗೆ ಎಂದು ನೆಪ ಹೇಳಿ ಒರೆಸಿಕೊಂಡೆ.

ಉಳಿದ ಎರಡು ದಿನವೂ ಒಂದು ಸಂದೇಶ ತಪ್ಪಲಿಲ್ಲ. ಮ್ಯಾನೇಜರು ನೋಟಿಸು ಹಿಂದಕ್ಕೆ ಪಡೆದು, ಆ ಕಾಗದವನ್ನು ತಾವೇ ಗುತ್ತೂರಿಗೆ ಕೊಂಡುಹೋಗಿ ಕೊಟ್ಟರು. ಬಾತಿಯ ರೇಡಿಯೊ ಒಂದೇ ಮಾತನ್ನು ಏಳೆಂಟು ಸಲ ಕೂಗುವುದು ನಿಂತ ಮೇಲೆ ಚಾನೆಲ್ಲಿನಲ್ಲಿ ಬೇಕಾದಷ್ಟು ಜಾಗವಾಯಿತು. ಒಂದು ಕಿವುಡು ಕೊಂಡಿ ಆರೂ ಜನರ ಸಮಯವನ್ನು ತಿನ್ನುತ್ತಿತ್ತು, ದಟ್ಟಣೆ ಕಾಯಿಲೆಯ ಲಕ್ಷಣವಾಗಿತ್ತೇ ಹೊರತು ಕಾಯಿಲೆಯಾಗಿರಲಿಲ್ಲ. ಕಾಲೊನಿ ಟ್ಯಾಂಕಿನ ರೇಡಿಯೊವನ್ನು ವಾಪಸು ಕೂರಿಸಿದೆ.

ಆಮೇಲೆ ಗುತ್ತೂರಿಗೆ ಹೋದಾಗ ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವರು ಬಾಯಿ ತೆರೆಯಲೇ ಬಿಡಲಿಲ್ಲ. ಬರ್ರಿ, ಕೂಡ್ರಿ ಎಂದು ರೊಟ್ಟಿ ಮುಂದಿಟ್ಟು ಮೋಟರಿನ ಕಡೆ ಹೋದರು. ನಾನು ರಿಜಿಸ್ಟರು ಎಳೆದುಕೊಂಡೆ, ಈ ಸಲ ನೇರವಾಗಿ ಕೊನೆಯ ಕಾಲಮ್ಮಿಗೆ. ಹದಿಮೂರನೇ ದಿನದ ಷರಾ ಹೀಗಿತ್ತು: 'ಗದ್ದೆ ತುಂಬ ನೀರು. ಗುಡ್ಡ ಎರಡು ಕಾಣುತ್ತವೆ. ಬೆಲ್ ಬಂತು. ಗುಂಡಿ ಒತ್ತಿದೆ. ಮೇಡಂ ಅಲ್ಲಿ ನಿಂತಿರಬೇಕು.'